ಮೊದಲ ಮನೆಗೆ ಸ್ಮಾರ್ಟ್ ಸಾಮಾನು ಹಾಕ್ಸ್ತಿದ್ದೀರಾ? ಗೋಡೆ ಪ್ಲಾಸ್ಟರ್ ಆಗೋಕೆ ಮುಂಚೆ ಇದನ್ನ ಓದಿ

ತಿಪಟೂರು: ಹೋದ ಮಳೆಗಾಲದಲ್ಲಿ ನಮ್ಮ ಅಣ್ಣನ ಹೊಸ ಮನೆ ಬಾಗಿಲ ಮುಂದೆ ಅಮ್ಮ ಮುಕ್ಕಾಲು ಗಂಟೆ ನಿಂತಿದ್ರು. ಬಾಗಿಲಿಗೆ ಬೆರಳಿಟ್ಟರೆ ತೆಗೆಯೋ ಲಾಕ್. ಕಾಯಿ ಸುಲಿದು, ಕೊಬ್ಬರಿ ಒಡೆದು ಅಮ್ಮನ ಬೆರಳ ಗೆರೆ ಸವೆದಿದೆ, ಮೇಲಿಂದ ಮಳೇಲಿ ಕೈ ಒದ್ದೆ. ಲಾಕ್ ತಗೊಳ್ಳಲಿಲ್ಲ. ನಂಬರ್ ಒತ್ತಿ ತೆಗೀಬಹುದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಲಾಕ್ ಜೊತೆ ಕೊಟ್ಟಿದ್ದ ಕೀ ಎಲ್ಲಿತ್ತು? ಮನೆ ಒಳಗೆ, ಬೀರುವಿನಲ್ಲಿ.

ಅದೇ ಮನೇಲಿ ಬಾತ್‌ರೂಮ್ ಹೊರಗಿನ ಬೋರ್ಡಿಗೆ ಸ್ಮಾರ್ಟ್ ಸ್ವಿಚ್ ಹಾಕೋಕೆ ಹೋದಾಗ ಅಲ್ಲಿ ನ್ಯೂಟ್ರಲ್ ವೈರೇ ಬಂದಿಲ್ಲ ಅಂತ ಗೊತ್ತಾಯ್ತು. ಪೇಂಟ್ ಆದ ಗೋಡೆ ಮತ್ತೆ ಕೊರೆದ್ರು. ಸಾಮಾನು ಒಳ್ಳೇದೇ ಇತ್ತು. ಕೇಳಬೇಕಾದ ಪ್ರಶ್ನೆ ಕೇಳಬೇಕಾದ ಹೊತ್ತಲ್ಲಿ ಕೇಳಿರಲಿಲ್ಲ, ಅಷ್ಟೇ.

ಈಗ ತಾಲ್ಲೂಕಲ್ಲಿ ಮನೆ ಕಟ್ಟಿಸೋರು ಸ್ಮಾರ್ಟ್ ಸ್ವಿಚ್, ಕ್ಯಾಮೆರಾ, ಲಾಕ್ ಅಂತ ವಿಚಾರಿಸ್ತಿದ್ದಾರೆ. ಅವರಿಗೋಸ್ಕರ ಈ ಮಾಹಿತಿ. ಒಂದೇ ಮಾತಲ್ಲಿ ಹೇಳೋದಾದ್ರೆ: ಸಾಮಾನು ಆಮೇಲೆ ಯಾವಾಗ ಬೇಕಾದ್ರೂ ತರಬಹುದು, ವೈರ್ ಮತ್ತು ಪೈಪ್ ಮಾತ್ರ ಪ್ಲಾಸ್ಟರ್‌ಗೆ ಮುಂಚೆಯೇ ಆಗಬೇಕು. ತಂದ ಸಾಮಾನು ಕರೆಂಟ್, ನೆಟ್ ಎರಡೂ ಹೋದಾಗಲೂ ಮನೆಯವರನ್ನ ಕೈ ಬಿಡಬಾರದು.

ಪ್ಲಾಸ್ಟರ್‌ಗೆ ಮುಂಚೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದ್ದು

1. ಎಲ್ಲಾ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ವೈರ್. ಮಾಮೂಲಿ ಸ್ವಿಚ್‌ಗೆ ಫೇಸ್ ಬಂದು ಹೋದ್ರೆ ಸಾಕು. ಸ್ಮಾರ್ಟ್ ಸ್ವಿಚ್ ಒಳಗೆ ಚಿಕ್ಕ ಸರ್ಕ್ಯೂಟ್ ಇದೆ, ಅದು ಸದಾ ಎಚ್ಚರ ಇರಬೇಕು, ಅದಕ್ಕೆ ನ್ಯೂಟ್ರಲ್ ಬೇಕು. ಪ್ಲಗ್ ಇರೋ ಬೋರ್ಡಿನಲ್ಲಿ ನ್ಯೂಟ್ರಲ್ ಹೇಗೂ ಇರುತ್ತೆ. ಬರೀ ಸ್ವಿಚ್ ಇರೋ ಕಡೆ, ಅಂದ್ರೆ ಬಾತ್‌ರೂಮ್ ಹೊರಗೆ, ಮೆಟ್ಟಿಲ ಹತ್ರ, ಮಂಚದ ಪಕ್ಕದ ಟೂ-ವೇ ಬೋರ್ಡಲ್ಲಿ ಬಹಳ ಸಲ ಇರಲ್ಲ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ ಸಿಗುತ್ತೆ ನಿಜ, ಆದ್ರೆ ಕಡಿಮೆ ವ್ಯಾಟ್‌ನ ಎಲ್‌ಇಡಿ ಹಾಕಿದ್ರೆ ಆಫ್ ಆದ್ಮೇಲೂ ಮಿಣಮಿಣ ಅನ್ನೋ ತೊಂದರೆ ಇದೆ. ಒಂದು ಕಾಯಿಲ್‌ನಲ್ಲಿ 90 ಮೀಟರ್ ವೈರ್ ಬರುತ್ತೆ. ಇಡೀ ಮನೆಗೆ ಆಗೋ ಹೆಚ್ಚಿನ ಖರ್ಚು ಒಂದೆರಡು ಕಾಯಿಲ್. ಆಮೇಲೆ ಗೋಡೆ ಒಡೆಸೋದಕ್ಕೆ ಹೋಲಿಸಿದ್ರೆ ಇದು ಏನೂ ಅಲ್ಲ.

2. ಆಳವಾದ ಬಾಕ್ಸ್. ಸ್ವಿಚ್ ಹಿಂದೆ ಕೂರಿಸೋ ಸ್ಮಾರ್ಟ್ ಮಾಡ್ಯೂಲ್‌ಗೆ ಜಾಗ ಬೇಕು. ಚಿಕ್ಕ ಬಾಕ್ಸಲ್ಲಿ ವೈರ್ ತುರುಕಿದ್ರೆ ಬಿಸಿ ಆಗುತ್ತೆ.

3. ನೆಟ್‌ಗೆ ಬೇರೆ ಪೈಪ್. ಹಾಲ್, ಮಹಡಿ, ಗೇಟ್, ಸೂರಿನ ನಾಲ್ಕು ಮೂಲೆಗೆ ಖಾಲಿ ಪೈಪ್ ಆದ್ರೂ ಬಿಟ್ಟಿರಿ. ಕ್ಯಾಮೆರಾ ವೈರ್, ನೆಟ್ ಕೇಬಲ್ ಆಮೇಲೆ ಎಳೀಬಹುದು. ಕರೆಂಟ್ ವೈರ್ ಇರೋ ಪೈಪಲ್ಲೇ ನೆಟ್ ಕೇಬಲ್ ಹಾಕೋಕೆ ಬಿಡಬೇಡಿ.

4. ಯುಪಿಎಸ್ ಲೈನ್ ಯಾವುದಕ್ಕೆ ಅಂತ ಪಟ್ಟಿ. ರೂಟರ್, ಕ್ಯಾಮೆರಾ, ಹಾಲ್ ಮತ್ತು ಅಡುಗೆಮನೆ ಬೋರ್ಡ್ ಇದರಲ್ಲಿ ಇರಲಿ. ಗೀಸರ್, ಮೋಟರ್ ಬೇಡ.

5. ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಸ್ಮಾರ್ಟ್ ಸಾಮಾನಿಗೆ ದುಡ್ಡು ಸುರಿಯೋ ಮುಂಚೆ ಇದಕ್ಕೆ ಸುರೀರಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕ್ಸಿ. ಕರೆಂಟ್ ಮೈಗೆ ತಗುಲಿದಾಗ ಲೈನ್ ಕಟ್ ಮಾಡೋದು ಅದು. ಸಿಡಿಲು ಜಾಸ್ತಿ ಇರೋ ಕಡೆ ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಇರಲಿ. ಒಂದು ಸಿಡಿಲಿಗೆ ರೂಟರ್, ಡಿವಿಆರ್, ಟಿವಿ ಮೂರೂ ಹೋಗಬಹುದು.

ಇಷ್ಟೆಲ್ಲಾ ಆದ್ಮೇಲೆ, ಪ್ಲಾಸ್ಟರ್‌ಗೆ ಮುಂಚೆ ಪ್ರತಿ ಗೋಡೆದೂ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಮುಂದೆ ಎಲ್ಲಿ ಡ್ರಿಲ್ ಹೊಡೀಬಾರದು ಅಂತ ಅದೇ ಹೇಳುತ್ತೆ.

ಮೊದಲು ತಗೋಬೇಕಾದ್ದು: ಟ್ಯಾಂಕ್ ಕಂಟ್ರೋಲರ್, ಆಮೇಲೆ ಫ್ಯಾನ್

ಜಾಹೀರಾತಿನಲ್ಲಿ ಬರೋ ಬಣ್ಣದ ಲೈಟ್ ಬಿಡಿ. ನಮ್ಮ ಕಡೆ ಮನೆಗೆ ನಿಜವಾಗಿ ಉಪಯೋಗಕ್ಕೆ ಬರೋದು ನೀರಿನ ಟ್ಯಾಂಕ್ ಕಂಟ್ರೋಲರ್. ಸಂಪಲ್ಲಿ ನೀರಿದ್ದು, ಮೇಲಿನ ಟ್ಯಾಂಕ್ ಖಾಲಿ ಆದ್ರೆ ಮೋಟರ್ ತಾನೇ ಆನ್ ಆಗುತ್ತೆ, ತುಂಬಿದ್ರೆ ಆಫ್. ಸಂಪು ಖಾಲಿ ಇದ್ರೆ ಮೋಟರ್ ಓಡಲ್ಲ, ಸುಡೋದು ತಪ್ಪುತ್ತೆ. ಇದಕ್ಕೆ ನೆಟ್ ಬೇಡ, ಆಪ್ ಬೇಡ. ಸಂಪಿನಿಂದ ಟ್ಯಾಂಕ್‌ವರೆಗೆ ಸೆನ್ಸರ್ ವೈರ್ ಹೋಗೋಕೆ ಪೈಪ್ ಮಾತ್ರ ಮುಂಚೆನೇ ಬಿಡಬೇಕು.

ಒಂದು ಎಚ್ಚರಿಕೆ: ಮೋಟರನ್ನ ಸ್ಮಾರ್ಟ್ ಪ್ಲಗ್‌ಗೆ ಸಿಕ್ಕಿಸಬೇಡಿ. 1 ಎಚ್‌ಪಿ ಅಂದ್ರೆ 746 ವ್ಯಾಟ್ ಅಷ್ಟೇ ಅಲ್ವಾ ಅನ್ಸುತ್ತೆ, ಆದ್ರೆ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತೆ. ಪ್ಲಗ್ ಒಳಗಿನ ರಿಲೇ ಅಂಟಿಕೊಂಡ್ರೆ ಆಪ್‌ನಲ್ಲಿ ಆಫ್ ಅಂತ ತೋರಿಸ್ತಾ ಮೋಟರ್ ಓಡ್ತಾನೇ ಇರುತ್ತೆ.

ಎರಡನೇದು ಬಿಎಲ್‌ಡಿಸಿ ಫ್ಯಾನ್. ಹಳೇ ಥರದ ಫ್ಯಾನ್ 75 ವ್ಯಾಟ್ ತಿಂದ್ರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದ್ರೆ ಒಂದು ಫ್ಯಾನ್‌ಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ, ಮೂರು ಫ್ಯಾನ್‌ಗೆ 48. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಈ 48 ಯೂನಿಟ್ ಸಣ್ಣದಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ, ನೋಡಿ ತಗೊಳ್ಳಿ. ಈ ಫ್ಯಾನನ್ನ ಹಳೇ ರೆಗ್ಯುಲೇಟರ್ ಮೂಲಕ ಓಡಿಸಬಾರದು. ಬರೀ ಆನ್-ಆಫ್ ಸ್ವಿಚ್ ಸಾಕು, ಸ್ಪೀಡ್ ರಿಮೋಟಲ್ಲೇ ಬದಲಾಗುತ್ತೆ. ಫ್ಯಾನ್ ಸ್ಪೀಡ್ ಮಾಡೋ ಸ್ಮಾರ್ಟ್ ಸ್ವಿಚ್‌ಗೆ ಬೇರೆ ದುಡ್ಡು ಕೊಡಬೇಡಿ.

ಸ್ವಿಚ್ಚಾ, ಬಲ್ಬಾ?

ಸ್ಮಾರ್ಟ್ ಬಲ್ಬ್ ಬಾಡಿಗೆ ಮನೇಲಿರೋರಿಗೆ ಸರಿ. ಸ್ವಂತ ಮನೇಲಿ ಯಾರಾದ್ರೂ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಬಲ್ಬ್ ಸತ್ತ ಹಾಗೆ, ಆಪ್‌ಗೂ ಸಿಗಲ್ಲ. ಅದಕ್ಕಿಂತ ಮಾಮೂಲಿ ಸ್ವಿಚ್ ಹಿಂದೆ ಕೂರೋ ಮಾಡ್ಯೂಲ್ ಒಳ್ಳೇದು. ಅಜ್ಜಿ ಕೈಯಲ್ಲೂ ಒತ್ತಬಹುದು, ನೀವು ಫೋನಲ್ಲೂ ಒತ್ತಬಹುದು. ನೆಟ್ ಇಲ್ಲದಿದ್ರೂ ಸ್ವಿಚ್ ಸ್ವಿಚ್ಚೇ. ಇಡೀ ಮನೆಗೆ ಗಾಜಿನ ಟಚ್ ಪ್ಯಾನೆಲ್ ಹಾಕ್ಸಿದ್ರೆ ಚೆಂದ ಕಾಣುತ್ತೆ, ಆದ್ರೆ ನಾಲ್ಕು ವರ್ಷ ಆದ್ಮೇಲೆ ಅದೇ ಅಳತೆಯ ಪ್ಯಾನೆಲ್ ಸಿಗುತ್ತಾ ಅಂತ ಅಂಗಡಿಯವರನ್ನ ಕೇಳಿ. ಮಾಡ್ಯೂಲ್ ಕೆಟ್ಟರೆ ತೆಗೆದು ಬಿಸಾಕಬಹುದು, ಸ್ವಿಚ್ ಉಳಿಯುತ್ತೆ.

ಎಲ್ಲಾ ಬೋರ್ಡಿಗೂ ಬೇಕಿಲ್ಲ. ಗೇಟ್ ಲೈಟ್, ಹಾಲ್, ಗೀಸರ್, ಈ ಮೂರರಿಂದ ಶುರು ಮಾಡಿ.

ಗೀಸರ್‌ಗೆ 16 ಆಂಪಿಯರ್‌ದೇ ಬೇಕು. 2,000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ, 3,000 ವ್ಯಾಟ್‌ದು 13. 10 ಆಂಪಿಯರ್ ಪ್ಲಗ್ ಕರಗುತ್ತೆ. ಇನ್ನೊಂದು, ಕರೆಂಟ್ ಹೋಗಿ ಬಂದಾಗ ಏನಾಗಬೇಕು ಅಂತ ಆಪ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತೆ. ಗೀಸರ್‌ಗೆ ಅದನ್ನ ಆಫ್‌ಗೆ ಇಡಿ. ಇಲ್ಲಾಂದ್ರೆ ಊರಿಗೆ ಹೋದಾಗ ಕರೆಂಟ್ ಬಂದು, ಗೀಸರ್ ತಾನೇ ಆನ್ ಆಗಿ ಕೂತಿರಬಹುದು.

ಲಾಕ್: ಕೀ ಮನೆ ಹೊರಗಿರಲಿ

ಬೆರಳಿನ ಲಾಕ್ ತಗೊಳ್ಳೋ ಮುಂಚೆ ಮನೆಯ ಹಿರಿಯರನ್ನ ಅಂಗಡಿಗೆ ಕರ್ಕೊಂಡು ಹೋಗಿ ಬೆರಳಿಟ್ಟು ನೋಡಿ. ರೇಷನ್ ಅಂಗಡೀಲಿ ಬೆರಳು ತಗೊಳ್ಳಲ್ಲ ಅನ್ನೋರಿಗೆ ಇಲ್ಲೂ ಅದೇ ಕಥೆ. ನಂಬರ್, ಕಾರ್ಡ್, ಮಾಮೂಲಿ ಕೀ ಮೂರೂ ಇರೋ ಲಾಕ್ ಆದ್ರೆ ಮಾತ್ರ ತಗೊಳ್ಳಿ, ಮೂರನ್ನೂ ಮನೆಯವರಿಗೆಲ್ಲ ಒಂದೊಂದು ಸಲ ಮಾಡಿಸಿ.

ಇವು ಓಡೋದು ಸೆಲ್ ಮೇಲೆ, ಕರೆಂಟ್ ಮೇಲಲ್ಲ. ಸೆಲ್ ಮುಗಿಯೋ ಮುಂಚೆ ಕೀಂ ಕೀಂ ಅನ್ನುತ್ತೆ, ಅವತ್ತೇ ಬದಲಾಯಿಸಿ. ಪೂರ್ತಿ ಮುಗಿದ್ರೆ ಹೊರಗಿಂದ ಪವರ್ ಬ್ಯಾಂಕೋ 9 ವೋಲ್ಟ್ ಬ್ಯಾಟರಿಯೋ ತಾಗಿಸಿ ತೆಗೆಯೋ ವ್ಯವಸ್ಥೆ ಇದೆಯಾ ಕೇಳಿ. ಒಂದು ಕೀ ಪಕ್ಕದ ಮನೇಲೋ ಅಂಗಡೀಲೋ ಇರಲಿ. ಬಾಗಿಲ ದಪ್ಪ ಅಳೆದು ಹೋಗಿ. ಎರಡು ರೆಕ್ಕೆ ಬಾಗಿಲಿಗೆ ಬಹಳಷ್ಟು ಲಾಕ್ ಕೂರಲ್ಲ.

ಕ್ಯಾಮೆರಾ: ಬೇರೆಯವರ ಕಣ್ಣು ಮನೆ ಒಳಗೆ ಬರದಿರಲಿ

ಅಂಗಡಿಯವರಿಗೂ ಇದು ಅನ್ವಯ. ಕ್ಯಾಮೆರಾ ಕೂರಿಸೋ ಹುಡುಗ ತನ್ನ ಫೋನಲ್ಲಿ ಆಪ್ ಹಾಕಿ, ತೋರಿಸಿ, ನಿಮಗೆ ಶೇರ್ ಮಾಡಿ ಹೋಗ್ತಾನೆ. ಅಂದ್ರೆ ಮಾಲೀಕ ಅವನು, ನೀವು ನೆಂಟರು. ನಿಮ್ಮ ನಂಬರಿನಲ್ಲೇ ಖಾತೆ ತೆರೆಸಿ, ಅವನ ಫೋನಿನಿಂದ ನಿಮ್ಮೆದುರೇ ಡಿಲೀಟ್ ಮಾಡಿಸಿ, ಪಾಸ್‌ವರ್ಡ್ ನೀವೇ ಬದಲಾಯಿಸಿ. ಇದನ್ನ ಕೇಳೋಕೆ ಸಂಕೋಚ ಬೇಡ, ಒಳ್ಳೇ ಹುಡುಗ್ರು ಬೇಜಾರು ಮಾಡ್ಕೊಳ್ಳಲ್ಲ.

ಮಲಗೋ ಕೋಣೆ, ಬಟ್ಟೆ ಬದಲಾಯಿಸೋ ಜಾಗದಲ್ಲಿ ಕ್ಯಾಮೆರಾ ಬೇಡವೇ ಬೇಡ. ಪಕ್ಕದ ಮನೆ ಅಂಗಳ, ಕಿಟಕಿ ಕಡೆ ತಿರುಗಿಸಬೇಡಿ, ಕ್ಯಾಮೆರಾ ನೆಪದಲ್ಲಿ ಜಗಳ ಶುರುವಾದ್ರೆ ಮುಗಿಯಲ್ಲ. 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಹಳೇ ಸ್ಟಾಕ್ ಅಗ್ಗಕ್ಕೆ ಕೊಡ್ತೀವಿ ಅಂದ್ರೆ ಯಾಕೆ ಅಂತ ಕೇಳಿ.

ಎಷ್ಟು ದಿನ ರೆಕಾರ್ಡಿಂಗ್ ಉಳಿಯುತ್ತೆ? ಲೆಕ್ಕ ಸುಲಭ. ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್ ಬರೆದ್ರೆ ದಿನಕ್ಕೆ ಸುಮಾರು 11 ಜಿಬಿ. 128 ಜಿಬಿ ಕಾರ್ಡಲ್ಲಿ ಹನ್ನೊಂದು ದಿನ. ನಾಲ್ಕು ಕ್ಯಾಮೆರಾಗೆ 1 ಟಿಬಿ ಹಾರ್ಡ್ ಡಿಸ್ಕ್ ಆದ್ರೆ ಮೂರು ವಾರ. ಸೆಕೆಂಡಿಗೆ 2 ಮೆಗಾಬಿಟ್ ಆದ್ರೆ ಇದರಲ್ಲಿ ಅರ್ಧ. ತಿಂಗಳ ಬಾಡಿಗೆ ಕಟ್ಟಿ ಕಂಪನಿಯ ಕ್ಲೌಡ್‌ನಲ್ಲೇ ಇಡಬೇಕು ಅನ್ನೋ ಕ್ಯಾಮೆರಾ ಆದ್ರೆ, ಆ ಬಾಡಿಗೆಯನ್ನ ಐದು ವರ್ಷಕ್ಕೆ ಗುಣಿಸಿ ನೋಡಿ ತಗೊಳ್ಳಿ.

ವೈಫೈ, ವಾಯ್ಸ್, ಕಂಪನಿ

ಬಹುತೇಕ ಸ್ಮಾರ್ಟ್ ಸಾಮಾನು ಕೇಳೋದು 2.4 ಗಿಗಾಹರ್ಟ್ಸ್ ವೈಫೈ. ಫೋನ್ 5ರಲ್ಲಿದ್ದು ಸಾಮಾನು ಕನೆಕ್ಟ್ ಆಗದೇ ಇದ್ರೆ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ, ಮೊದಲು ಇದನ್ನ ನೋಡಿ. ರೂಟರ್ ಮನೆ ಮಧ್ಯೆ ಎತ್ತರದಲ್ಲಿರಲಿ, ಬೀರು ಹಿಂದೆ ಬೇಡ.

ಮಾತಾಡೋ ಸ್ಪೀಕರ್ ಕನ್ನಡ ಕೇಳುತ್ತೆ ಅಂತ ನಂಬಿ ತರಬೇಡಿ. ಅಲೆಕ್ಸಾ ಭಾರತಕ್ಕೆ ಬಂದಿದ್ದು ಇಂಗ್ಲಿಷಲ್ಲಿ, ಹಿಂದಿ ಸೇರಿದ್ದು 2019ರಲ್ಲಿ. ಅಂಗಡೀಲೇ ನಿಂತು ಅಮ್ಮನ ಕೈಲಿ ಹೇಳಿಸಿ ನೋಡಿ. ಕೇಳಲಿಲ್ಲ ಅಂದ್ರೆ ಆ ದುಡ್ಡಿಗೆ ಒಂದು ಬಿಎಲ್‌ಡಿಸಿ ಫ್ಯಾನ್ ಬರುತ್ತೆ.

ಕಂಪನಿ ಮುಚ್ಚಿದ್ರೆ? 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಅನ್ನೋ ಕಂಪನಿ ಹೇಳದೇ ಕೇಳದೇ ಸರ್ವರ್ ನಿಲ್ಲಿಸ್ತು, ಗ್ರಾಹಕರ ಆಪ್ ಕೆಲಸ ಮಾಡೋದು ನಿಲ್ತು. ಹೀಗಾಗಬಾರದು ಅಂದ್ರೆ ಡಬ್ಬದ ಮೇಲೆ ಮ್ಯಾಟರ್ ಗುರುತು ಇದೆಯಾ ನೋಡಿ. 2022ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಬೇರೆ ಬೇರೆ ಕಂಪನಿ ಸಾಮಾನು ಒಂದೇ ಆಪ್‌ಗೆ ಸೇರುತ್ತೆ, ಮನೆ ವೈಫೈ ಒಳಗೇ ಕೆಲಸ ಮಾಡುತ್ತೆ.

ಸುಮ್ಮನೆ ಇರೋ ಸಾಮಾನೂ ಕರೆಂಟ್ ತಿನ್ನುತ್ತೆ. ಹಗಲೂ ರಾತ್ರಿ 10 ವ್ಯಾಟ್ ಓಡಿದ್ರೆ ತಿಂಗಳಿಗೆ 7 ಯೂನಿಟ್. ರೂಟರ್, ಡಿವಿಆರ್, ಕ್ಯಾಮೆರಾ, ಸ್ವಿಚ್ ಎಲ್ಲಾ ಸೇರಿ 50 ವ್ಯಾಟ್ ಆದ್ರೆ 36 ಯೂನಿಟ್. ಬಿಎಲ್‌ಡಿಸಿ ಫ್ಯಾನಲ್ಲಿ ಉಳಿಸಿದ್ದರಲ್ಲಿ ಮುಕ್ಕಾಲು ಭಾಗ ಇಲ್ಲೇ ಹೋಯ್ತು.

ಅಂಗಡೀಲಿ ಕೇಳಬೇಕಾದ ಐದು ಪ್ರಶ್ನೆ

* ನೆಟ್ ಇಲ್ಲದಾಗ ಇದು ಏನೇನು ಮಾಡುತ್ತೆ?
* ಕರೆಂಟ್ ಹೋಗಿ ಬಂದಾಗ ಆನ್ ಆಗುತ್ತಾ, ಆಫ್ ಇರುತ್ತಾ?
* ತಿಂಗಳ ಬಾಡಿಗೆ ಏನಾದ್ರೂ ಇದೆಯಾ?
* ಕೆಟ್ಟರೆ ನೀವೇ ಬದಲಾಯಿಸಿ ಕೊಡ್ತೀರಾ, ಬೆಂಗಳೂರಿಗೆ ಕಳಿಸಬೇಕಾ?
* ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆದು ಕೊಡ್ತೀರಾ?

ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ಕಡಿಮೆ ಸಿಗಬಹುದು. ಆದ್ರೆ ಲಾಕ್, ಕಂಟ್ರೋಲರ್ ಥರದ್ದು ಕೆಟ್ಟ ದಿನ ಮನೆಗೆ ಬರೋದು ನಮ್ಮ ಊರಿನ ಅಂಗಡಿಯವರೇ. ಅಂಗಡಿಯವರೂ ಅಷ್ಟೇ, ಮಾರೋ ಸಾಮಾನನ್ನ ಒಮ್ಮೆ ನಿಮ್ಮ ಅಂಗಡೀಲೇ ಹಾಕಿ, ನೆಟ್ ಆಫ್ ಮಾಡಿ ಗ್ರಾಹಕರಿಗೆ ತೋರಿಸಿ.

ಸಾಲ ಮಾಡಿ ಕಟ್ಟಿಸೋ ಮೊದಲ ಮನೆ. ಎಲ್ಲಾ ಒಂದೇ ಸಲ ಬೇಕಿಲ್ಲ. ಈ ವರ್ಷ ವೈರ್, ಪೈಪ್, ಅರ್ಥಿಂಗ್, ಟ್ಯಾಂಕ್ ಕಂಟ್ರೋಲರ್, ಫ್ಯಾನ್. ಮಿಕ್ಕಿದ್ದು ಒಂದು ವರ್ಷ ಆ ಮನೇಲಿ ಬಾಳಿ ನೋಡಿದ್ಮೇಲೆ. ಅಣ್ಣನ ಮನೆ ಲಾಕ್ ಈಗಲೂ ಇದೆ. ಅಮ್ಮ ನಂಬರ್ ಒತ್ತಿ ಒಳಗೆ ಹೋಗ್ತಾರೆ, ಕೀ ಪಕ್ಕದ ಮನೇಲಿದೆ.