ಡಾಕ್ಟರಿಗೆ ಮಾರ್ಕ್ಸ್ ಹಾಕೋರು ಯಾರು? 360 ಡಿಗ್ರಿ ಫೀಡ್‌ಬ್ಯಾಕಿನ ಆಸ್ಪತ್ರೆ ಕಥೆ

ಅಪ್ರೈಸಲ್ ಸೀಸನ್ ಬಂತು ಅಂದ್ರೆ ನಮಗೆಲ್ಲ ಒಂದು ಮೇಲ್ ಬರುತ್ತೆ: ಸಹೋದ್ಯೋಗಿಗಳ ಬಗ್ಗೆ ಫೀಡ್‌ಬ್ಯಾಕ್ ಕೊಡಿ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಾನು ಎಂಟು ಫಾರ್ಮ್‌ಗಳನ್ನು ಹತ್ತೇ ನಿಮಿಷದಲ್ಲಿ ತುಂಬಿ ಕಳಿಸಿದೆ. ಎಲ್ಲರಿಗೂ ಐದಕ್ಕೆ ನಾಲ್ಕು. ಆ ಎಂಟರಲ್ಲಿ ಒಬ್ಬರು ಲೀಡ್, ಹೊಸದಾಗಿ ಸೇರಿದ್ದ ಹುಡುಗಿಯನ್ನು ಕಾಲ್‌ನಲ್ಲಿ ಎಲ್ಲರೆದುರೇ ಬೈತಿದ್ದರು. ಅವರಿಗೂ ನಾಲ್ಕು! ಎರಡು ತಿಂಗಳಲ್ಲಿ ಆ ಹುಡುಗಿ ಕೆಲಸ ಬಿಟ್ಟಳು. ಆ ನಾಲ್ಕು ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಇದೇ ತರದ ಫಾರ್ಮ್ ಆಸ್ಪತ್ರೆಗೆ ಹೋದಾಗ ಏನಾಯ್ತು ಅನ್ನೋದೇ ಇವತ್ತಿನ ವಿಷಯ.

ತರಬೇತಿಯಲ್ಲಿರುವ ಡಾಕ್ಟರನ್ನು ಅಳೆಯೋದು ಅಂದ್ರೆ ಬಹಳ ಕಾಲ ಲಿಖಿತ ಪರೀಕ್ಷೆ, ವೈವಾ, ಕೊನೆಗೆ ಹಿರಿಯ ಡಾಕ್ಟರ ಮಾತು, ಅಷ್ಟೇ. ಆದರೆ ಹಿರಿಯರು ನೋಡೋದು ರೌಂಡ್ಸ್ ಹೊತ್ತಿನಲ್ಲಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಆ ಡಾಕ್ಟರ್ ಬರ್ತಾರಾ, ರೋಗಿಯ ಮನೆಯವರ ಹತ್ತಿರ ಹೇಗೆ ಮಾತಾಡ್ತಾರೆ ಅನ್ನೋದು ಗೊತ್ತಿರೋದು ನರ್ಸ್‌ಗೆ.

1993ರಲ್ಲಿ ಅಮೆರಿಕದ ಪಾಲ್ ರ‍್ಯಾಮ್ಸಿ ಮತ್ತು ಸಂಗಡಿಗರು ಒಂದು ಮುಖ್ಯ ಅಧ್ಯಯನ ಪ್ರಕಟಿಸಿದರು. ವೃತ್ತಿಯಲ್ಲಿದ್ದ ವೈದ್ಯರಿಗೆ ಜೊತೆಯ ವೈದ್ಯರಿಂದಲೇ ಅಂಕ ಹಾಕಿಸಿದರು. ಸುಮಾರು 11 ಜನರ ಅಭಿಪ್ರಾಯ ಸೇರಿದರೆ ಆ ಅಂಕವನ್ನು ನಂಬಬಹುದು ಅಂತ ಕಂಡುಬಂತು. ಒಬ್ಬರ ಕೋಪ, ಇನ್ನೊಬ್ಬರ ಪ್ರೀತಿ ಎರಡೂ ಸರಾಸರಿಯಲ್ಲಿ ಕರಗುತ್ತೆ.

ಬ್ರಿಟನ್ನಿನಲ್ಲಿ ಆಗ ಒಂದು ದೊಡ್ಡ ದುರಂತ ನಡೀತಿತ್ತು. ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳ ಸಾವು ಹೆಚ್ಚಾಗಿತ್ತು. ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ 1990ರಿಂದಲೇ ಆತಂಕ ಹೇಳ್ತಾ ಬಂದರು. ಅವರ ಮಾತಿಗೆ ಬೆಲೆ ಸಿಗೋಕೆ ವರ್ಷಗಳೇ ಬೇಕಾದವು. ಇಯಾನ್ ಕೆನಡಿ ನೇತೃತ್ವದ ವಿಚಾರಣಾ ವರದಿ 2001ರಲ್ಲಿ ಬಂತು: 1991ರಿಂದ 1995ರ ನಡುವೆ, ಒಂದು ವರ್ಷದೊಳಗಿನ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35 ಸಾವು ಹೆಚ್ಚು. ಅಲ್ಲಿದ್ದವರು ತರಬೇತಿ ವೈದ್ಯರಲ್ಲ, ಹಿರಿಯ ಸರ್ಜನ್‌ಗಳು, ನಿಜ. ಆದರೆ ಪಕ್ಕದಲ್ಲಿ ಕೆಲಸ ಮಾಡೋರಿಗೆ ಗೊತ್ತಿದ್ದದ್ದು ಮೇಲಿನವರಿಗೆ ಮುಟ್ಟದಿದ್ದರೆ ಏನಾಗುತ್ತೆ ಅನ್ನೋದು ಇಡೀ ದೇಶಕ್ಕೆ ಅರ್ಥವಾಯ್ತು.

2005ರಲ್ಲಿ ಅಲ್ಲಿ ಹೊಸ ವೈದ್ಯರಿಗೆ ಎರಡು ವರ್ಷದ ಫೌಂಡೇಶನ್ ಪ್ರೋಗ್ರಾಂ ಶುರುವಾದಾಗ ಸಹೋದ್ಯೋಗಿಗಳ ಫೀಡ್‌ಬ್ಯಾಕ್ ಅದರ ಭಾಗವಾಯ್ತು. ಅದರಲ್ಲಿ ನನಗೆ ಇಷ್ಟವಾದದ್ದು ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ರೂಪುಗೊಂಡ 'ಟ್ಯಾಬ್' ಅನ್ನೋ ಫಾರ್ಮ್. ಅದರಲ್ಲಿ ಕೇಳೋದು ನಾಲ್ಕೇ ವಿಷಯ: ರೋಗಿಗಳ ಜೊತೆ ನಂಬಿಕೆಯ ಸಂಬಂಧ, ಮಾತುಕತೆ, ತಂಡದಲ್ಲಿ ಕೆಲಸ, ಬೇಕಾದಾಗ ಸಿಗೋದು. ಐದಕ್ಕೆ ಎಷ್ಟು ಅನ್ನೋ ಪ್ರಶ್ನೆಯೇ ಇಲ್ಲ. 'ಚಿಂತೆ ಇಲ್ಲ', 'ಸ್ವಲ್ಪ ಚಿಂತೆ ಇದೆ', 'ದೊಡ್ಡ ಚಿಂತೆ ಇದೆ', ಇಷ್ಟೇ. ಚಿಂತೆ ಇದೆ ಅಂದರೆ ಯಾಕೆ ಅಂತ ಬರೀಬೇಕು. ಕನಿಷ್ಠ ಹತ್ತು ಜನ ಹೇಳಬೇಕು, ಅದರಲ್ಲಿ ನರ್ಸ್‌ಗಳೂ ಇರಬೇಕು.

ಆಮೇಲೆ ಉತ್ತರಗಳನ್ನು ಗುಂಪು ಮಾಡಿ ನೋಡಿದಾಗ ಒಂದು ವಿಷಯ ಹೊರಬಂತು. ಚಿಂತೆ ಇದೆ ಅಂತ ಹೆಚ್ಚಾಗಿ ಬರೆದವರು ಕನ್ಸಲ್ಟೆಂಟ್‌ಗಳು, ಹಿರಿಯ ನರ್ಸ್‌ಗಳು. ಜೊತೆಯ ಕಿರಿಯ ಡಾಕ್ಟರುಗಳು ಬರೆದದ್ದು ಕಡಿಮೆ. ನೋಡಿ, ಒಂದೇ ದೋಣಿಯಲ್ಲಿ ಕೂತವರು ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ. ಹಾಗಾಗಿ ಎಷ್ಟು ಜನರನ್ನು ಕೇಳಿದ್ರಿ ಅನ್ನೋದರ ಜೊತೆ ಯಾರನ್ನು ಕೇಳಿದ್ರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ನನ್ನ ಫಾರ್ಮ್‌ನಲ್ಲಿ 'ಈ ಲೀಡ್ ಬಗ್ಗೆ ನಿಮಗೆ ಚಿಂತೆ ಇದೆಯಾ, ಇದ್ದರೆ ಯಾಕೆ?' ಅಂತ ಕೇಳಿದ್ದರೆ ನಾನು ನಿಜ ಬರೀತಿದ್ದೆನಾ? ಬರೀತಿದ್ದೆ ಅಂತ ಧೈರ್ಯವಾಗಿ ಹೇಳಲಾರೆ. ಆದರೆ ಹತ್ತು ನಿಮಿಷದಲ್ಲಿ ನಾಲ್ಕು ಹಾಕಿ ತಪ್ಪಿಸಿಕೊಳ್ಳೋಕಂತೂ ಆಗ್ತಿರಲಿಲ್ಲ.

ಈ ಸಲ ಆ ಮೇಲ್ ಬಂದಾಗ ನಂಬರ್ ಹಾಕೋ ಮುಂಚೆ ಒಂದು ನಿಮಿಷ ನಿಲ್ಲಿ. ನಿಮ್ಮ ಅನುಭವ ಕಾಮೆಂಟ್‌ನಲ್ಲಿ ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.