ಮಕ್ಕಳಿಗೆ ಹಣದ ಪಾಠ: ಪೈಸಾ ಫಂಡದಿಂದ ಮೊಬೈಲ್ ಪಾವತಿಯವರೆಗೆ

ಪುಣೆ–ಲೋಣಾವಳ ಲೋಕಲ್ ರೈಲಿನ ಹಾದಿಯಲ್ಲಿರುವ ತಳೇಗಾಂವ ದಾಭಾಡೆ ಎಂದೊಡನೆ ಇತಿಹಾಸ ಬಲ್ಲವರಿಗೆ ಮರಾಠಾ ಸೇನಾಪತಿಗಳ ಮನೆತನ ನೆನಪಾಗುತ್ತದೆ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನಮ್ಮಂಥವರಿಗೆ ನೆನಪಾಗುವುದು ಪೈಸಾ ಫಂಡ. ಇಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರಿಗೆ ಇದರ ಕಥೆ ತಿಳಿದಿರಲಾರದು.

ಕಳೆದ ಶತಮಾನದ ಆರಂಭದಲ್ಲಿ ಅಂತಾಜಿ ದಾಮೋದರ ಕಾಳೆ ಎಂಬವರು ಸ್ವದೇಶಿ ಉದ್ಯಮಕ್ಕಾಗಿ ಪ್ರತಿಯೊಬ್ಬರಿಂದ ವರ್ಷಕ್ಕೆ ಒಂದೇ ಒಂದು ಪೈಸೆ ಸಂಗ್ರಹಿಸಲು ಹೊರಟರು. ಲೋಕಮಾನ್ಯ ತಿಲಕರು ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಹೀಗೆ ಕೂಡಿದ ಹಣದಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ವಿದೇಶದಲ್ಲಿ ಗಾಜಿನ ವಿದ್ಯೆ ಕಲಿತು ಬಂದಿದ್ದ ಈಶ್ವರದಾಸ ವಾರ್ಷ್ಣೇಯ ಅವರು ಅದರ ಹೊಣೆ ಹೊತ್ತರು. ಅಲ್ಲಿ ಗಾಜಿನ ಸಾಮಾನು ತಯಾರಿಸುವುದರ ಜೊತೆಗೆ ತರುಣರಿಗೆ ಕೆಲಸವನ್ನೂ ಕಲಿಸಲಾಗುತ್ತಿತ್ತು.

ಮಕ್ಕಳಿಂದ ಇದರ ಲೆಕ್ಕ ಮಾಡಿಸಬೇಕು. ಆಗ ನಾಲ್ಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಅಂದರೆ ಒಂದು ರೂಪಾಯಿ ಕೂಡಬೇಕಾದರೆ 64 ಜನ ಬೇಕು. ಒಂದು ಲಕ್ಷ ಜನ ಕೊಟ್ಟರೆ 1,562 ರೂಪಾಯಿ 8 ಆಣೆ. ಹನಿಗೂಡಿ ಹಳ್ಳ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಳ್ಳವಾಗಲು ಎಷ್ಟು ಹನಿ ಬೇಕು, ಎಷ್ಟು ಮನೆಗಳ ಬಾಗಿಲು ತಟ್ಟಬೇಕು ಎಂಬುದು ಈ ಲೆಕ್ಕದಿಂದ ಮನದಟ್ಟಾಗುತ್ತದೆ.

ನಮ್ಮ ಕರಾವಳಿಯಲ್ಲಿ ಇದೇ ದಾರಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ಡಾ. ಟಿ.ಎಂ.ಎ. ಪೈ ಅವರ ನೇತೃತ್ವದಲ್ಲಿ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದರು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ, ಬಡ್ಡಿ ಬಿಟ್ಟು, 45 ರೂಪಾಯಿ 10 ಆಣೆ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ಕನ್ನಡದ್ದೇ ಆಗಿಹೋಗಿದೆ.

ಈಗ ಮಕ್ಕಳ ಕಣ್ಣಿಗೆ ಹಣವೇ ಬೀಳುತ್ತಿಲ್ಲ. 25 ಪೈಸೆ ಹಾಗೂ ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತುಹೋಯಿತು. ತರಕಾರಿಯವನಿಗೂ ಮೊಬೈಲಿನಿಂದಲೇ ಪಾವತಿ. ಚೀಲದಿಂದ ನೋಟು ಹೊರಬಂದು, ಚಿಲ್ಲರೆ ಮರಳಿ ಬಂದು, ಕೊನೆಗೆ ಚೀಲ ಬರಿದಾಗುವುದನ್ನು ನಾವು ಬಾಲ್ಯದಲ್ಲಿ ನೋಡಿಯೇ ಕಲಿತೆವು. ಆದ್ದರಿಂದ ಏಳೆಂಟು ವರ್ಷದ ಮಗುವಿಗೆ ಮೊದಲು ನೋಟು, ನಾಣ್ಯಗಳನ್ನೇ ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ. ವಾರಕ್ಕೊಂದು ನಿಶ್ಚಿತ ಮೊತ್ತ ಕೊಟ್ಟು, ಅದು ಬುಧವಾರಕ್ಕೇ ಮುಗಿದುಹೋದರೆ ಶನಿವಾರದವರೆಗೆ ಮತ್ತೆ ಕೊಡಬಾರದು. ಅಜ್ಜ ಅಜ್ಜಿಯರು ಇಲ್ಲಿಯೇ ಸೋಲುತ್ತಾರೆ, ಅವರನ್ನು ದೂರುವಂತಿಲ್ಲ.

ಊರಿಗೆ ಹೋಗಿ ಹೊರಡುವಾಗ ಹಿರಿಯರು ಮಕ್ಕಳ ಕೈಗೆ ನೋಟು ತುರುಕುವುದು ನಮ್ಮಲ್ಲಿ ವಾಡಿಕೆ. ಬಸ್ಸು ಏರುವ ಮೊದಲೇ "ಕೊಡು, ನಾನು ಇಟ್ಟಿರುತ್ತೇನೆ" ಎಂದು ಅದು ತಂದೆತಾಯಿಯ ಕೈ ಸೇರುತ್ತದೆ. ಒಮ್ಮೆ ನಮ್ಮ ಕೌಂಟರಿಗೆ ಹದಿನೆಂಟು ತುಂಬಿದ ಹುಡುಗನೊಬ್ಬ ತಂದೆಯೊಡನೆ ಬಂದಿದ್ದ. ಹತ್ತು ವರ್ಷಗಳ ಉಡುಗೊರೆ ಹಣವೆಲ್ಲ ತನ್ನ ಖಾತೆಯಲ್ಲಿದೆ ಎಂದು ಅವನು ನಂಬಿದ್ದ. ಪಾಸ್‌ಬುಕ್ಕಿನಲ್ಲಿ ಇದ್ದುದು ಕೆಲವು ನೂರು ರೂಪಾಯಿ. ತಂದೆ ದುಂದುಗಾರರಲ್ಲ, ಆ ಹಣ ಮನೆಯ ಖರ್ಚಿಗೇ ಹೋಗಿರಬೇಕು. ಹುಡುಗ ಏನೂ ಕೇಳಲಿಲ್ಲ, ಪಾಸ್‌ಬುಕ್ಕನ್ನು ಮಡಿಸಿ ತಂದೆಯ ಕೈಗೇ ಕೊಟ್ಟ. ಮನೆಗೆ ಅಡಚಣೆ ಬಂದಾಗ ಮಗುವಿನ ಹಣ ಬಳಸುವುದು ತಪ್ಪೇನಲ್ಲ. ಆದರೆ ಹೇಳಿ ತೆಗೆದುಕೊಳ್ಳಬೇಕು, ಬರೆದಿಡಬೇಕು, ಸಾಧ್ಯವಾದಾಗ ಮರಳಿಸಬೇಕು. ಸಾಲವೆಂದರೆ ಏನೆಂದು ಮಗು ಅಲ್ಲಿಯೇ ಕಲಿಯುತ್ತದೆ.

ಖಾತೆಯ ವಿಷಯದಲ್ಲಿ ನಿಯಮಗಳು ಈಗ ಅನುಕೂಲವಾಗಿವೆ. ರಿಸರ್ವ್ ಬ್ಯಾಂಕಿನ 2025ರ ಏಪ್ರಿಲ್ ಸೂಚನೆಯಂತೆ, ಹತ್ತು ವರ್ಷ ತುಂಬಿದ ಮಕ್ಕಳಿಗೆ ಉಳಿತಾಯ ಹಾಗೂ ಅವಧಿ ಠೇವಣಿ ಖಾತೆಗಳನ್ನು ಸ್ವತಃ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಮೊತ್ತದ ಮಿತಿಯನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ. ಅದಕ್ಕಿಂತ ಚಿಕ್ಕವರಿಗೆ ಪೋಷಕರ ಮೂಲಕ ಖಾತೆ, ತಾಯಿಯೂ ಪೋಷಕಿಯಾಗಬಹುದು. ಅಪ್ರಾಪ್ತರ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಾರದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆಯೂ ಇದೆ. ಆದರೆ ಅದು ತಂದೆತಾಯಿಯ ಉಳಿತಾಯವೇ ಹೊರತು ಮಗುವಿನ ಅಭ್ಯಾಸವಲ್ಲ.

ಹೈಸ್ಕೂಲು ಮಕ್ಕಳಿಗೆ 72ರ ಲೆಕ್ಕ ಕಲಿಸಬಹುದು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ದ್ವಿಗುಣವಾಗುವ ವರ್ಷಗಳು ಸ್ಥೂಲವಾಗಿ ಸಿಗುತ್ತವೆ. ಠೇವಣಿಗೆ ಶೇಕಡಾ 6 ಬಂದರೆ 12 ವರ್ಷ. ಕ್ರೆಡಿಟ್ ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 36 ಬಿದ್ದರೆ ಎರಡೇ ವರ್ಷದಲ್ಲಿ ಸಾಲ ಇಮ್ಮಡಿ. ಈ ಎರಡು ಸಾಲುಗಳನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದರೆ ಉಪದೇಶದ ಅವಶ್ಯಕತೆ ಬೀಳದು.

ಮೊಬೈಲ್ ಪಾವತಿಯನ್ನು ದೂರವಿಡುವುದು ಇನ್ನು ಅಸಾಧ್ಯ. 2024ರಲ್ಲಿ ಬಂದ ಯುಪಿಐ ಸರ್ಕಲ್ ವ್ಯವಸ್ಥೆಯಲ್ಲಿ ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಪಾವತಿ ಮಾಡಬಹುದು. ಪ್ರತಿ ಪಾವತಿಗೂ ಖಾತೆದಾರರ ಒಪ್ಪಿಗೆ ಬೇಕೆಂದು ಇಟ್ಟುಕೊಳ್ಳಲೂ ಬರುತ್ತದೆ. ಕಾಲೇಜಿಗೆ ಪುಣೆಗೆ ಓಡಾಡುವ ಮಕ್ಕಳಿರುವವರು ಆರಂಭದಲ್ಲಿ ಈ ಕ್ರಮವನ್ನೇ ಅನುಸರಿಸುವುದು ಕ್ಷೇಮ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡುವಾಗ ಮಾತ್ರ ಒತ್ತಬೇಕು ಎಂಬುದನ್ನು ಮೊದಲ ದಿನವೇ ತಿಳಿಸಿ. ಮೋಸಹೋದವರು ಬಹುಮಟ್ಟಿಗೆ ಇಲ್ಲಿಯೇ ಎಡವುತ್ತಾರೆ.

ಹದಿನೆಂಟು ತುಂಬಿದಾಗ ಖಾತೆಗೆ ಹೊಸ ಮಾದರಿ ಸಹಿ ಮತ್ತು ಹೊಸ ಸೂಚನೆಗಳನ್ನು ಕೊಡಬೇಕಾಗುತ್ತದೆ. ಆ ದಿನ ಮಕ್ಕಳನ್ನೇ ಶಾಖೆಗೆ ಕಳುಹಿಸಿ, ಅರ್ಜಿಯನ್ನು ಅವರೇ ತುಂಬಲಿ. ನಾಲ್ಕು ಕಡೆ ಹೊಡೆದುಹಾಕಿ ಬರೆದರೂ ಚಿಂತೆಯಿಲ್ಲ. ಕೌಂಟರಿನಲ್ಲಿ ಇನ್ನೊಂದು ಅರ್ಜಿ ಸಿಗುತ್ತದೆ.