ಒಂದು ಸೂಜಿ, ನಾಲ್ಕು ಕೈ

ನಮ್ಮಜ್ಜಿಯ ಬಲಗೈ ಮೇಲೆ ಒಂದು ಚೇಳಿದೆ. ಮಣಿಕಟ್ಟಿನಿಂದ ಮೇಲಕ್ಕೆ ರಂಗೋಲಿ ಎಳೆ, ಅದರ ಸುತ್ತ ಚುಕ್ಕಿ, ತುದಿಯಲ್ಲಿ ಚೇಳು. ಎಪ್ಪತ್ತು ವರ್ಷದಲ್ಲಿ ಕಪ್ಪು ಹಸಿರಾಗಿ, ಚರ್ಮ ಸುಕ್ಕಾಗಿ, ಚೇಳಿನ ಬಾಲ ಈಗ ಯಾವುದೋ ಬಳ್ಳಿಯ ಹಾಗೆ ಕಾಣುತ್ತೆ. ಅಜ್ಜಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. "ಬಳೆ, ಓಲೆ ಎಲ್ಲ ಬಿಚ್ಚಿಕೋತಾರೆ ಕಣಪ್ಪ, ಸತ್ತಾಗ ಜೊತೆಗೆ ಬರೋದು ಹಚ್ಚೆ ಒಂದೇ" ಅಂತ ಹೇಳ್ತಾಳೆ.

ಅದನ್ನು ಹುಯ್ಯಿಸಿಕೊಂಡದ್ದು ಶನಿವಾರಸಂತೆಯಲ್ಲಿ, ಹೆಸರಲ್ಲೇ ಸಂತೆ ಇಟ್ಟುಕೊಂಡಿರೋ ಊರು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ, ಅಂದರೆ 1956ಕ್ಕೆ ಮುಂಚೆ. ಸಂತೆಯ ಅಂಚಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದ ಹಚ್ಚೆಯವಳು ದೀಪದ ಮಸಿಗೆ ಯಾವುದೋ ಸೊಪ್ಪಿನ ರಸ ಕಲಸಿ, ಮೂರು ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದಳಂತೆ. ನೋವು ಮರೆಯಲಿ ಅಂತ ಹಾಡು ಬೇರೆ. ಕೂಲಿ ಒಂದು ಸೇರು ರಾಗಿ. ದಕ್ಷಿಣ ಭಾರತದಲ್ಲಿ ಈ ಕಸುಬು ಬಹುಮಟ್ಟಿಗೆ ಕೊರವ, ಕೊರಚ ಸಮುದಾಯದ ಅಲೆಮಾರಿ ಹೆಂಗಸರದ್ದು. 1909ರಲ್ಲಿ ಏಳು ಸಂಪುಟಗಳಲ್ಲಿ ಇಲ್ಲಿನ ಜಾತಿ, ಬುಡಕಟ್ಟುಗಳ ವಿವರ ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಕೂಡ ಅವರ ಹಚ್ಚೆ ಕೆಲಸದ ಬಗ್ಗೆ ಬರೆದಿದ್ದಾನೆ. ನಮ್ಮ ಹಳ್ಳಿಗಳ ಸಾವಿರಾರು ಮುಂಗೈಗಳ ಮೇಲೆ ಚಿತ್ರ ಬರೆದ ಈ ಕಲಾವಿದೆಯರಲ್ಲಿ ಒಬ್ಬರ ಹೆಸರೂ ನಮ್ಮಜ್ಜಿಯಂಥವರಿಗೆ ಗೊತ್ತಿಲ್ಲ. ಕಲಾವಿದೆ ಅನ್ನೋ ಪದವನ್ನೂ ಆಗ ಯಾರೂ ಬಳಸಿರಲಿಕ್ಕಿಲ್ಲ.

ಅವತ್ತು ಸಾಲಾಗಿ ಕೂತವರು ನಾಲ್ಕು ಹುಡುಗಿಯರು. ಸೂಜಿಯ ಕಟ್ಟು ಒಂದೇ. ಕೊನೆಯಲ್ಲಿ ಕೂತವಳು ಅಜ್ಜಿಯ ತಂಗಿ. ಅವಳ ಕೈ ಮಾತ್ರ ಬಾತುಕೊಂಡು, ಕೀವಾಗಿ, ತಿಂಗಳುಗಟ್ಟಲೆ ಆರಲಿಲ್ಲ. ಅರಿಶಿನ, ಹರಳೆಣ್ಣೆ ಹಚ್ಚಿದರು. ದೃಷ್ಟಿ ಆಗಿದೆ ಅಂತ ನಿವಾಳಿಸಿದರು. ಕೊನೆಗೆ ವಾಸಿಯಾಯಿತು, ಆದರೆ ರಂಗೋಲಿಯ ಒಂದು ಮೂಲೆ ಇರಬೇಕಾದ ಜಾಗದಲ್ಲಿ ಬರೀ ಗಾಯದ ಕಲೆ ಉಳಿಯಿತು.

ಹಚ್ಚೆಯವಳನ್ನು ದೂರಿ ಪ್ರಯೋಜನವಿಲ್ಲ. ಕೀವು ಬರಿಸುವ ಕ್ರಿಮಿಗಳ ವಿಷಯ ಆಸ್ಪತ್ರೆಗಳಿಗೆ ಗೊತ್ತಿತ್ತು, ಸಂತೆಗೆ ಇನ್ನೂ ತಲುಪಿರಲಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಮೊದಲ ಸುಳಿವು ಬರೂಕ್ ಬ್ಲಂಬರ್ಗ್ ತಂಡಕ್ಕೆ ಸಿಕ್ಕಿದ್ದೇ 1960ರ ದಶಕದಲ್ಲಿ. ಆ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಅಂದರೆ ಈ ಶನಿವಾರದ ಸೂಜಿ ಮುಂದಿನ ಶನಿವಾರದ ಸಂತೆಗೂ ಅದನ್ನು ಹೊತ್ತುಕೊಂಡು ಹೋಗಬಹುದಿತ್ತು.

ಸೂಜಿಗೆ ಕರೆಂಟು ಬಂದ ಕಥೆ ನಮ್ಮಂಥ ಆಫೀಸಿನವರಿಗೆ ಇಷ್ಟವಾಗುವಂಥದ್ದು. 1870ರ ದಶಕದಲ್ಲಿ ಎಡಿಸನ್ ಒಂದು ವಿದ್ಯುತ್ ಪೆನ್ನು ಮಾಡಿದ. ಅದು ಕಾಗದದಲ್ಲಿ ಸಾಲಾಗಿ ತೂತು ಕೊರೆದು ಸ್ಟೆನ್ಸಿಲ್ ಮಾಡುತ್ತಿತ್ತು, ಅದರಿಂದ ಪತ್ರಗಳ ಪ್ರತಿ ತೆಗೆಯುತ್ತಿದ್ದರು. ಹೆಚ್ಚುಕಮ್ಮಿ ಜೆರಾಕ್ಸಿನ ಅಜ್ಜ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಅದೇ ತತ್ವದ ಮೇಲೆ ಹಚ್ಚೆ ಯಂತ್ರಕ್ಕೆ ಪೇಟೆಂಟ್ ತಗೊಂಡ. ಕೆಲಸದ ವೇಗ ಏರಿತು, ಸ್ವಚ್ಛತೆ ಇದ್ದಲ್ಲೇ ಇತ್ತು. ಕೊನೆಗೆ ಹೆಪಟೈಟಿಸ್ ಹರಡುತ್ತಿದೆ ಅಂತ ಅದೇ ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1997ರಲ್ಲಿ.

ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ನಾನು ನಮ್ಮ ಕಡೆಯ ಜಾತ್ರೆಯೊಂದರಲ್ಲಿ ಬ್ಯಾಟರಿ ಯಂತ್ರದ ಹಚ್ಚೆಯವನ ಮುಂದೆ ಸಾಲಲ್ಲಿ ನಿಂತಿದ್ದೆ. ಮುಂದಿದ್ದವನ ರಕ್ತ ಬಟ್ಟೆಯಲ್ಲಿ ಒರೆಸಿ, ಅದೇ ಸೂಜಿಯನ್ನು ಅದೇ ಶಾಯಿ ಬಟ್ಟಲಿಗೆ ಅದ್ದುತ್ತಿದ್ದ. ಅಪ್ಪ ಬಂದು ಕಿವಿ ಹಿಡಿದು ಎಳೆದುಕೊಂಡು ಹೋದರು. ಅವರ ಚಿಂತೆ ಸೂಜಿಯದ್ದಲ್ಲ, ದುಡ್ಡಿನದ್ದು.

ಇದೆಲ್ಲ ನೆನಪಾಗಿದ್ದು ವಿರಾಜಪೇಟೆ ಕಡೆಯ ಗೆಳೆಯನಿಂದ. ಅವನಿಗೆ ತೋಳಿನ ಮೇಲೆ ಪೀಚೆಕತ್ತಿ, ಅದರ ಕೆಳಗೆ ಮನೆತನದ ಹೆಸರು ಬೇಕಂತೆ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಂಥ ತೋಳುಗಳನ್ನು ನೋಡಿ ಆಸೆಯಾಗಿದೆ. "ಮಗಾ, ಸ್ಟುಡಿಯೋ ನೋಡ್ಕೊಂಡು ಬರೋಣ, ಬಾ" ಅಂದ. ಹೋದೆವು.

ಒಳ್ಳೆ ಸ್ಟುಡಿಯೋದಲ್ಲಿ ಮೊದಲು ವಯಸ್ಸು, ಅಲರ್ಜಿ, ಸಕ್ಕರೆ ಕಾಯಿಲೆ, ತಗೊಳ್ಳೋ ಮಾತ್ರೆ ಕೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಕುಡಿದು ಬಂದಿದ್ದರೆ ವಾಪಸ್ ಕಳಿಸುತ್ತಾರೆ. ಜಾಗ ತೊಳೆದು, ಕೂದಲು ತೆಗೆದು, ಸ್ಟೆನ್ಸಿಲ್ ಅಂಟಿಸಿ, ಕನ್ನಡಿಯಲ್ಲಿ ತೋರಿಸುತ್ತಾರೆ. ಕಾಗುಣಿತ ನೋಡಬೇಕಾದ್ದು ಆಗಲೇ. ಅಲ್ಲಿ ಆಪ್‌ಡೇಟ್ ಬಿಡುಗಡೆ ಮಾಡೋಕಾಗಲ್ಲ. ಸೂಜಿಯ ಪೊಟ್ಟಣ ನಮ್ಮ ಕಣ್ಣೆದುರೇ ಹರಿಯಬೇಕು. ಶಾಯಿ ದೊಡ್ಡ ಬಾಟಲಿಯಿಂದ ಒಬ್ಬರಿಗೆ ಒಂದರಂತೆ ಪುಟ್ಟ ಕಪ್ಪಿಗೆ ಬೀಳಬೇಕು, ಮಿಕ್ಕಿದ್ದು ಕಸಕ್ಕೆ. ಮತ್ತೆ ಬಳಸುವ ಲೋಹದ ಸಾಮಾನಿದ್ದರೆ ಆಟೋಕ್ಲೇವ್ ಎಲ್ಲಿ ಅಂತ ಕೇಳಿ. 121 ಡಿಗ್ರಿ ಹಬೆಯಲ್ಲಿ ಕನಿಷ್ಠ 15 ನಿಮಿಷ ಬೇಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಲದು. ಕೇಳೋಕೆ ಸಂಕೋಚ ಬೇಡ. ಟ್ಯಾಟೂ ಸ್ಟುಡಿಯೋಗಳಿಗೆ ಅಂತಲೇ ದೇಶಕ್ಕೆಲ್ಲ ಅನ್ವಯವಾಗುವ ಲೈಸೆನ್ಸ್ ಕಾನೂನು ನಮ್ಮಲ್ಲಿಲ್ಲ, ಹಾಗಾಗಿ ಇನ್ಸ್‌ಪೆಕ್ಟರೂ ನಾವೇ.

ಶಾಯಿಯದ್ದು ಇನ್ನೊಂದು ಕಥೆ. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹೇರಿದೆ. ಕರ್ನಾಟಕದ ಆರೋಗ್ಯ ಇಲಾಖೆ ಶಾಯಿಯಲ್ಲಿ ಲೋಹದ ಅಂಶಗಳಿವೆ ಅಂತ ಎಚ್ಚರಿಸಿದ್ದು 2025ರಲ್ಲಿ. ಬಾಟಲಿಯ ಲೇಬಲ್ ತೋರಿಸದ ಸ್ಟುಡಿಯೋದಿಂದ ಎದ್ದು ಬರೋದೇ ವಾಸಿ.

ಸೂಜಿ ಇಳಿಯೋದು ಒಂದೆರಡು ಮಿಲಿಮೀಟರ್, ಚರ್ಮದ ಎರಡನೇ ಪದರಕ್ಕೆ. ಅಲ್ಲಿನ ರಕ್ಷಕ ಕೋಶಗಳು ಶಾಯಿಯ ಕಣ ನುಂಗುತ್ತವೆ, ಜೀರ್ಣಿಸಿಕೊಳ್ಳಲಾಗದೆ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಹೊರಬಿದ್ದ ಶಾಯಿಯನ್ನು ಹೊಸ ಕೋಶ ನುಂಗುತ್ತೆ ಅಂತ 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ನೈಟ್ ಶಿಫ್ಟಿನವನು ಬೆಳಗಿನವನಿಗೆ ಕೆಲಸ ಒಪ್ಪಿಸಿ ಹೋದಂತೆ. ಮನುಷ್ಯರಲ್ಲೂ ಹೀಗೇ ಆಗುವುದಾದರೆ, ಅಜ್ಜಿಯ ಚೇಳು ಎಷ್ಟು ಕೈ ಬದಲಾಯಿಸಿದೆಯೋ.

ಗೆಳೆಯ ಅವತ್ತು ಹಚ್ಚೆ ಹಾಕಿಸಿಕೊಳ್ಳಲಿಲ್ಲ. ಒಂದು, ಅವನು ರಕ್ತ ಕೊಡುವವನು. ಹಚ್ಚೆ ಹಾಕಿಸಿಕೊಂಡರೆ ಒಂದು ವರ್ಷ ಕೊಡುವಂತಿಲ್ಲ. ಊರಲ್ಲಿ ಅವರಮ್ಮನಿಗೆ ಆಪರೇಷನ್ ಬೇರೆ ಇತ್ತು. ಎರಡು, ಮಕ್ಕಳ ಲಸಿಕೆಪಟ್ಟಿಗೆ ಹೆಪಟೈಟಿಸ್ ಬಿ ದೇಶದ ಎಲ್ಲ ಕಡೆ ಸೇರಿದ್ದು 2011ರ ಹೊತ್ತಿಗೆ. ನಮ್ಮ ವಯಸ್ಸಿನ ಎಷ್ಟೋ ಜನರಿಗೆ ಅದು ಬಿದ್ದೇ ಇಲ್ಲ, ನನಗೂ ಇಲ್ಲ. ಮೂರು ಡೋಸು, ಆರು ತಿಂಗಳು. ಮೂರನೆಯದು ಮಳೆಗಾಲ. ಹಸಿ ಗಾಯ ಆರೋಕೆ ಎರಡು ಮೂರು ವಾರ ಬೇಕು, ಒದ್ದೆ ಮಾಡಬಾರದು. ಕೊಡಗಿನ ಜುಲೈನಲ್ಲಿ ತೋಟಕ್ಕೆ ಹೋಗಿ ಒದ್ದೆಯಾಗದೆ ಬಂದವರುಂಟೆ? ಮೇಲೆ ಜಿಗಣೆ ಬೇರೆ.

ಇಬ್ಬರೂ ಮೊದಲ ಡೋಸ್ ಹಾಕಿಸಿಕೊಂಡು ಬಂದೆವು. ಅಜ್ಜಿಗೆ ಫೋನಲ್ಲಿ ಹೇಳಿದೆ. ಹಚ್ಚೆಗೆ ಮುಂಚೆ ಮೂರು ಸಲ ಬೇರೆ ಚುಚ್ಚಿಸಿಕೋಬೇಕಾ ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಂಗೀದು ದೃಷ್ಟಿ ಅಲ್ಲ ಹಾಗಾದ್ರೆ" ಅಂದಳು.